ಓದುಗರ ಪ್ರಶ್ನೋತ್ತರ: ಸಿಲಿಂಡರ್ ಬೇಗ ಬರಿದಾಗುವುದೇಕೆ?

ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪದ ಬಳಿ ಗಾಳಿ ತುಂಬಿದ ಸಿಲಿಂಡರ್ ಹೊತ್ತು ನೀರಿಗಿಳಿದು, ಅಂದರೆ ಸ್ಕೂಬಾ ಡೈವಿಂಗ್ ಮಾಡಿ ಬಂದವರು ಸಮುದ್ರದ ಗಾಳಿಯೂ ಸುಳಿಯದ ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಇಷ್ಟು ಮಂದಿ ಇದ್ದಾರೆಂಬುದು ಈ ತಿಂಗಳ ಪತ್ರಗಳನ್ನು ಓದುವವರೆಗೆ ನನಗೆ ತಿಳಿದಿರಲಿಲ್ಲ. ಹೆಚ್ಚಿನವರ ಕೊರಗು ಒಂದೇ: ಉಳಿದವರೆಲ್ಲ ಇನ್ನೂ ಮೀನು ನೋಡುತ್ತಿರುವಾಗ ತಮ್ಮ ಸಿಲಿಂಡರಿನ ಗಾಳಿ ಮಾತ್ರ ಮುಗಿದುಹೋಗುತ್ತದೆ. ಐದು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ. ಕೆಲವರು ಹೆಸರು ಬೇಡವೆಂದು ಬರೆದಿರುವುದರಿಂದ ಎಲ್ಲರದ್ದೂ ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ತೆಂಗಿನ ತೋಟದಲ್ಲಿ ಬೆಳೆದವನು. ಬೆನ್ನಿಗೆ ಒಣಗಿದ ತೆಂಗಿನಕಾಯಿ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತು, ಒಂದೇ ಉಸಿರಿಗೆ ತಳ ಮುಟ್ಟಿ ಹಿಡಿ ಮಣ್ಣು ತರುತ್ತಿದ್ದವನು. ಕಳೆದ ವರ್ಷ ಓಪನ್ ವಾಟರ್ ಎಂಬ ಆರಂಭಿಕ ಡೈವಿಂಗ್ ಕೋರ್ಸ್ ಮುಗಿಸಿ ಡಿಸೆಂಬರಿನಲ್ಲಿ ನೇತ್ರಾಣಿಗೆ ಹೋದಾಗ 26 ನಿಮಿಷಕ್ಕೆ ಸಿಲಿಂಡರಿನ ಒತ್ತಡ ತೋರಿಸುವ ನನ್ನ ಗೇಜ್ 200 ಬಾರ್‌ನಿಂದ 50ಕ್ಕೆ ಇಳಿದಿತ್ತು. ನನ್ನಷ್ಟು ಈಜು ಬಾರದ ನನ್ನ ಹೆಂಡತಿಯ ಗೇಜ್‌ನಲ್ಲಿ ಇನ್ನೂ 100 ಬಾರ್ ಉಳಿದಿತ್ತು. ಸರಾಸರಿ ಆಳ 12 ಮೀಟರ್ ಎಂದು ಆಳ, ಸಮಯಗಳ ಲೆಕ್ಕವಿಡುವ ಡೈವ್ ಕಂಪ್ಯೂಟರ್ ತೋರಿಸಿತು. ಗುಂಪನ್ನು ಕರೆದೊಯ್ದ ಡೈವ್ ಮಾಸ್ಟರ್ ಗಾಳಿ ಎಷ್ಟಿದೆಯೆಂದು ಸನ್ನೆ ಮಾಡಿದಾಗ ನಾಚಿಕೆಯಿಂದ ಎರಡು ಸಲ 20 ಬಾರ್ ಹೆಚ್ಚಿಗೆ ತೋರಿಸಿದೆನೆಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಎಲ್ಲಿ ತಪ್ಪಿದೆ?
— ತಿಪಟೂರು

ಉತ್ತರ: ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿರುವ ನಿಜವಾದ ತಪ್ಪು ಅದೊಂದೇ. ನಿಮ್ಮ ವೇಗದಲ್ಲಿ ಉಸಿರಾಡುವವರಿಗೆ, ಮೇಲೆ ಬರುವ ಮುನ್ನ ಸುರಕ್ಷತೆಗಾಗಿ 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲುವುದಕ್ಕೇ ಸುಮಾರು 12 ಬಾರ್ ಬೇಕು; 18 ಮೀಟರ್‌ನಿಂದ ನಿಧಾನವಾಗಿ ಮೇಲೇರುವುದಕ್ಕೆ ಇನ್ನೊಂದು 10 ಬಾರ್ ಬೇಕು. ಜೊತೆಗಾರರ ಗಾಳಿ ಕೈಕೊಟ್ಟು ಇಬ್ಬರೂ ಒಂದೇ ಸಿಲಿಂಡರಿನಿಂದ ಉಸಿರಾಡಬೇಕಾಗಿ ಬಂದರೆ, ಗಾಬರಿಯಲ್ಲಿ ಉಸಿರೂ ಏರಿರುವುದರಿಂದ, ಈ ಲೆಕ್ಕ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. 50 ಬಾರ್ ಉಳಿಸಿಕೊಂಡು ಮೇಲೆ ಬರಬೇಕೆಂಬ ನಿಯಮ ಹುಟ್ಟಿದ್ದು ಇಂಥ ಲೆಕ್ಕದಿಂದ. ನೀವು ಸುಳ್ಳಾಗಿ ತೋರಿಸಿದ ಆ 20 ಬಾರ್ ನಿಮ್ಮ ಹೆಂಡತಿಯ ಪಾಲಿನದೂ ಆಗಿತ್ತೆಂಬುದು ನೆನಪಿರಲಿ. ಮೊದಲು ಮೇಲೆ ಬರುವುದರಲ್ಲಿ ಅವಮಾನವೇನೂ ಇಲ್ಲ.

ಈಗ ನಿಮ್ಮ ಖರ್ಚಿನ ಲೆಕ್ಕ ನೋಡೋಣ. ನಮ್ಮಲ್ಲಿ ಸಾಮಾನ್ಯವಾಗಿ ಬಾಡಿಗೆಗೆ ಸಿಗುವ ಅಲ್ಯೂಮಿನಿಯಂ ಸಿಲಿಂಡರಿನ ಒಳಗಾತ್ರ 11.1 ಲೀಟರ್. ನೀವು ಬಳಸಿದ 150 ಬಾರ್ ಎಂದರೆ 1,665 ಲೀಟರ್ ಗಾಳಿ. ಅದನ್ನು 26ರಿಂದ ಭಾಗಿಸಿದರೆ ನಿಮಿಷಕ್ಕೆ 64 ಲೀಟರ್ ಬರುತ್ತದೆ. ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒತ್ತಡ ಒಂದು ಬಾರ್‌ನಷ್ಟು ಹೆಚ್ಚುವುದರಿಂದ 12 ಮೀಟರ್‌ನಲ್ಲಿ ವಾತಾವರಣದ ಒಂದು ಬಾರ್ ಸೇರಿ ನಿಮ್ಮ ಮೇಲೆ ಇದ್ದದ್ದು 2.2 ಬಾರ್, ಅಲ್ಲಿ ಎಳೆದುಕೊಂಡ ಒಂದೊಂದು ಉಸಿರಿನಲ್ಲಿಯೂ ದಡದ ಮೇಲಿನ 2.2 ಉಸಿರಿನಷ್ಟು ಗಾಳಿ ಅಡಕವಾಗಿರುತ್ತದೆ. ಒತ್ತಡ ಎರಡು ಪಟ್ಟಾದರೆ ಗಾಳಿಯ ಗಾತ್ರ ಅರ್ಧಕ್ಕಿಳಿಯುತ್ತದೆಂದು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮವನ್ನು ಪ್ರೌಢಶಾಲೆಯಲ್ಲಿ ನಾವೆಲ್ಲ ಉರು ಹೊಡೆದಿದ್ದೇವೆ. ಅದು ಜೇಬಿಗೆ ತಟ್ಟುವುದು ಇಲ್ಲಿ. 64ನ್ನು 2.2ರಿಂದ ಭಾಗಿಸಿದರೆ ದಡದ ಲೆಕ್ಕದಲ್ಲಿ ನಿಮ್ಮ ಖರ್ಚು ನಿಮಿಷಕ್ಕೆ 29 ಲೀಟರ್, ನಿಮ್ಮ ಹೆಂಡತಿಯವರದು 19 ಲೀಟರ್ ಚಿಲ್ಲರೆ. ಈ ಅಂಕಿಯನ್ನು ಪ್ರತಿ ಡೈವ್ ಮುಗಿದ ಮೇಲೆ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಆಳವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬರೀ ಉಳಿದ ಬಾರ್ ಹೋಲಿಸುತ್ತ ಕುಳಿತರೆ ಸುಧಾರಿಸಿದ್ದೀರೋ ಇಲ್ಲವೋ ಎಂಬುದು ತಿಳಿಯುವುದಿಲ್ಲ.

ಇಬ್ಬರ ನಡುವಿನ ಅಂತರದಲ್ಲಿ ಸ್ವಲ್ಪ ಭಾಗ ಮೈಕಟ್ಟಿನದು. ದೊಡ್ಡ ಮೈ, ಹೆಚ್ಚು ಸ್ನಾಯು ಇರುವವರಿಗೆ ಹೆಚ್ಚು ಗಾಳಿ ಬೇಕು. ಅದನ್ನು ಯಾರೂ ತಿದ್ದಲಾರರು. ಮಿಕ್ಕದ್ದು ನಿಮ್ಮ ಬಾವಿಯ ಈಜಿನಿಂದ ಬಂದದ್ದೆಂದು ನನ್ನ ಅನುಮಾನ. ನಾನೂ ಗುಬ್ಬಿ ಕಡೆಯ ತೋಟದ ಬಾವಿಯಲ್ಲಿ ಈಜು ಕಲಿತವನು, ಆದ್ದರಿಂದ ಅಧಿಕಾರದಿಂದಲೇ ಹೇಳುತ್ತೇನೆ: ಬಾವಿಯಲ್ಲಿ ನಾವು ಕಲಿತದ್ದು ಎದೆ ತುಂಬ ಉಸಿರು ತುಂಬಿಕೊಂಡು, ಕೈಕಾಲು ಬಡಿದು, ಆದಷ್ಟು ಬೇಗ ಕೆಳಗೆ ಹೋಗಿ ಆದಷ್ಟು ಬೇಗ ಮೇಲೆ ಬರುವುದನ್ನು. ಸಿಲಿಂಡರ್ ಹೊತ್ತವರಿಗೆ ಇದರಲ್ಲಿ ಯಾವುದೂ ಬೇಡ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ; ಅದರಲ್ಲಿ ವೇಗವನ್ನು ಎರಡು ಪಟ್ಟು ಮಾಡಿದರೆ ಎದುರಾಗುವ ತಡೆ ನಾಲ್ಕು ಪಟ್ಟಾಗುತ್ತದೆ. ಮೀನಿನ ಹಿಂದೆ ಹತ್ತು ಮೀಟರ್ ಅಟ್ಟಿಸಿಕೊಂಡು ಹೋದರೆ ಮೀನು ಸಿಗದು, ಏರಿದ ಉಸಿರು ಇಳಿಯಲು ಮುಂದಿನ ಎರಡು ಮೂರು ನಿಮಿಷ ಬೇಕು.

ಮುಂದಿನ ಸಲ ಎರಡು ಕೈಗಳನ್ನೂ ಎದೆಯ ಮುಂದೆ ಕಟ್ಟಿಕೊಂಡು, ಕಾಲಿಗೆ ತೊಟ್ಟ ರೆಕ್ಕೆಯಂಥ ಫಿನ್‌ನಿಂದ ಮಾತ್ರ ಸಾಗಿ. ಕಾಲನ್ನು ಸೈಕಲ್ ತುಳಿದಂತೆ ಆಡಿಸಬೇಡಿ. ಕಪ್ಪೆಯಂತೆ ಒಮ್ಮೆ ಒದೆದು, ಆ ತಳ್ಳಿಕೆ ತೀರುವವರೆಗೆ ಸುಮ್ಮನೆ ಜಾರುತ್ತ ಹೋಗಿ, ಮತ್ತೆ ಒದೆಯಿರಿ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿರುವವರು ನೀವಾಗಿ. ದೋಣಿಯಿಂದ ನೀರಿಗೆ ಬಿದ್ದ ತಕ್ಷಣ ಕೆಳಗಿಳಿಯಲು ಆತುರಪಡದೆ, ಹಗ್ಗ ಹಿಡಿದು ತೇಲುತ್ತ ಉಸಿರು ಹದಕ್ಕೆ ಬರುವವರೆಗೆ ಒಂದೆರಡು ನಿಮಿಷ ಕಾಯಿರಿ. ಏದುಸಿರಿನಲ್ಲಿ ಇಳಿದವರು ಮೊದಲ ಐದು ನಿಮಿಷದಲ್ಲಿ ಕಳೆದುಕೊಂಡದ್ದನ್ನು ಕೊನೆಯವರೆಗೂ ಗಳಿಸಲಾರರು. ಇಳಿಯುವ ಮುನ್ನ ಜೊತೆಗಾರರು ನಿಮ್ಮ ಬೆನ್ನ ಹಿಂದಿನ ಕೊಳವೆಗಳ ಸಂದುಗಳನ್ನು ನೀರಿನೊಳಗೆ ಒಮ್ಮೆ ನೋಡಲಿ. ಪಂಕ್ಚರ್ ಅಂಗಡಿಯವರು ಟ್ಯೂಬನ್ನು ತೊಟ್ಟಿಯಲ್ಲಿ ಅದ್ದಿ ನೋಡುವುದೂ ಇದೇ ಕಾರಣಕ್ಕೆ: ಸವೆದ ಒಂದು ರಬ್ಬರ್ ಉಂಗುರದಿಂದ ಸಣ್ಣ ಗುಳ್ಳೆಗಳ ಸಾಲು ಏಳುತ್ತಿದ್ದರೆ ನಿಮ್ಮ ಉಸಿರನ್ನು ದೂರಿ ಪ್ರಯೋಜನವಿಲ್ಲ.

ಪ್ರಶ್ನೆ: ನಾನು ಹದಿನೈದು ವರ್ಷಗಳಿಂದ ಪ್ರಾಣಾಯಾಮ ಮಾಡುತ್ತಿದ್ದೇನೆ. ಕುಂಭಕದಲ್ಲಿ ಒಂದೂವರೆ ನಿಮಿಷ ನಿಲ್ಲಬಲ್ಲೆ. ನೀರಿನೊಳಗೆ ಪ್ರತಿ ಉಸಿರಿನ ನಡುವೆ ಸ್ವಲ್ಪ ಹೊತ್ತು ತಡೆಹಿಡಿದರೆ ಸಿಲಿಂಡರ್ ಎರಡು ಪಟ್ಟು ಹೊತ್ತು ಬರಬೇಕಲ್ಲವೇ?
— ಬಂಗಾರಪೇಟೆ

ಉತ್ತರ: ಬೇಡ. ಈ ಅಂಕಣದಲ್ಲಿ ಇಷ್ಟು ಖಡಾಖಂಡಿತವಾಗಿ ನಾನು ಬೇರೆ ಯಾವುದನ್ನೂ ಹೇಳಲಾರೆ. ಸಿಲಿಂಡರಿನ ಗಾಳಿಯನ್ನು ಉಸಿರಾಡುತ್ತಿರುವವರು ಉಸಿರು ಬಿಗಿಹಿಡಿದು ಸ್ವಲ್ಪ ಮೇಲೇರಿದರೂ ಶ್ವಾಸಕೋಶದೊಳಗಿನ ಗಾಳಿ ಹಿಗ್ಗಿ ಅದರ ಗೋಡೆಯನ್ನು ಹರಿಯಬಹುದು. ಇದಕ್ಕೆ ಸಮುದ್ರದ ಆಳವೇ ಬೇಕೆಂದಿಲ್ಲ. ಈಜುಕೊಳದ ಆಳದಿಂದ ಮೇಲೆದ್ದರೂ ಆಗಬಹುದಾದ ಅಪಾಯವಿದು. ಬಾವಿಯಲ್ಲಿ ಮುಳುಗುವವರಿಗೆ ಈ ಭಯವಿಲ್ಲ, ಏಕೆಂದರೆ ಅವರು ಮೇಲಿನಿಂದ ಒಯ್ದ ಗಾಳಿ ಕೆಳಗೆ ಕುಗ್ಗಿ, ಮೇಲೆ ಬಂದಾಗ ಮೊದಲಿನ ಗಾತ್ರಕ್ಕಷ್ಟೇ ಮರಳುತ್ತದೆ. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಕೊಡುವುದಾದರೋ ಆಯಾ ಆಳದ ಒತ್ತಡದ ಗಾಳಿಯನ್ನು.

ಇನ್ನೊಂದು ಕಾರಣವನ್ನು ನಾನು ಅನುಭವದಿಂದ ಕಲಿತೆ. ಕಲಿಕೆಯ ದಿನಗಳಲ್ಲಿ ಯಾರದೋ ಮಾತು ಕೇಳಿ, ಒಂದೊಂದು ಉಸಿರಿಗೂ ಹತ್ತರವರೆಗೆ ಎಣಿಸಿ ತಡೆಹಿಡಿಯುತ್ತ ಒಂದು ಡೈವ್ ಪೂರ್ತಿ ಕಳೆದೆ. ಮೇಲೆ ಬಂದಾಗ ಗೇಜ್‌ನಲ್ಲಿ 110 ಬಾರ್ ಇತ್ತು, ದೋಣಿಯಲ್ಲಿ ಎಲ್ಲರಿಗೂ ತೋರಿಸಿಕೊಂಡೆ. ಅರ್ಧ ಗಂಟೆಯೊಳಗೆ ಎರಡೂ ಕಣತಲೆ ಸಿಡಿಯಲಾರಂಭಿಸಿ, ದೋಣಿಯ ಅಂಚಿಗೆ ಬಗ್ಗಿ ಬೆಳಗಿನ ಇಡ್ಲಿಯನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿದೆ. ಅಲೆಯ ಓಲಾಟಕ್ಕೆ ಹಾಗಾಯಿತೆಂದು ಜೊತೆಗಾರರು ನಿಂಬೆಹಣ್ಣು ಕೊಟ್ಟರು. ಅದು ಅಲೆಯ ಕಾಟವಾಗಿರಲಿಲ್ಲ, ಮೈಯಲ್ಲಿ ಉಳಿದ ಇಂಗಾಲದ ಡೈಆಕ್ಸೈಡಿನ ಕಾಟವಾಗಿತ್ತು.

ಇಡೀ ವಿಷಯದ ತಿರುಳು ಇಲ್ಲಿಯೇ ಇದೆ. ಉಸಿರೆಳೆಯಬೇಕೆಂಬ ತವಕ ನಮ್ಮಲ್ಲಿ ಹುಟ್ಟುವುದು ಮುಖ್ಯವಾಗಿ ಆಮ್ಲಜನಕ ಸಾಲದೆಂದಲ್ಲ, ಇಂಗಾಲದ ಡೈಆಕ್ಸೈಡ್ ಹೆಚ್ಚಿತೆಂದು. ಗಾಳಿಯಲ್ಲಿರುವ ನೂರಕ್ಕೆ 21 ಪಾಲು ಆಮ್ಲಜನಕದಲ್ಲಿ, ದಡದ ಮೇಲೆಯೇ, ಒಂದು ಉಸಿರಿಗೆ ನಾವು ಬಳಸಿಕೊಳ್ಳುವುದು ನಾಲ್ಕೈದು ಪಾಲನ್ನು ಮಾತ್ರ. ಆಳದಲ್ಲಿ ಅದಕ್ಕಿಂತಲೂ ಕಡಿಮೆ ಪಾಲು ಸಾಕು, ಉಳಿದದ್ದೆಲ್ಲ ಗುಳ್ಳೆಯಾಗಿ ಮೇಲೆ ಹೋಗುತ್ತದೆ. ಸ್ನಾಯು ದುಡಿದಷ್ಟೂ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಅದನ್ನು ಹೊರಹಾಕಲು ದೇಹ ಉಸಿರನ್ನು ಹೆಚ್ಚಿಸುತ್ತದೆ. ಉಸಿರನ್ನು ಬಲವಂತವಾಗಿ ತಡೆದವರು ಆ ಕಸವನ್ನು ಮೈಯಲ್ಲಿಯೇ ಇಟ್ಟುಕೊಂಡು, ಸ್ವಲ್ಪ ಹೊತ್ತಿನ ಮೇಲೆ ಏದುಸಿರಿನ ರೂಪದಲ್ಲಿ ಬಡ್ಡಿ ಸಮೇತ ತೀರಿಸುತ್ತಾರೆ. ದುಡಿಮೆಯನ್ನು ಕಡಿಮೆ ಮಾಡಿದವರ ಉಸಿರಾದರೋ ತಾನಾಗಿಯೇ ಇಳಿಯುತ್ತದೆ.

ಹಾಗೆಂದು ನಿಮ್ಮ ಹದಿನೈದು ವರ್ಷದ ಸಾಧನೆ ವ್ಯರ್ಥವಲ್ಲ. ಕುಂಭಕವನ್ನು ಮನೆಯ ಜಮಖಾನೆಯ ಮೇಲೆ ಬಿಟ್ಟು, ನಿಧಾನವಾದ ಪೂರಕ ಮತ್ತು ಅದಕ್ಕಿಂತ ದೀರ್ಘವಾದ ರೇಚಕವನ್ನು ಮಾತ್ರ ನೀರಿಗೆ ಒಯ್ಯಿರಿ. ಮೂಗು, ಗಂಟಲು, ಶ್ವಾಸನಾಳಗಳಲ್ಲಿ ಸುಮಾರು 150 ಮಿಲಿಲೀಟರ್ ಗಾಳಿ ರಕ್ತವನ್ನು ಮುಟ್ಟದೆ ಹಾಗೆಯೇ ಹೋಗಿ ಬರುತ್ತಿರುತ್ತದೆ. ಗಾಬರಿಯಲ್ಲಿ 250 ಮಿಲಿಲೀಟರಿನ ತುಂಡು ಉಸಿರು ಎಳೆಯುವವರಿಗೆ ಅದರಲ್ಲಿ ದಕ್ಕುವುದು 100 ಮಾತ್ರ. ಒಂದು ಲೀಟರಿನ ನಿಧಾನ ಉಸಿರಿನಲ್ಲಿ 850 ದಕ್ಕುತ್ತದೆ. ನಿಮಿಷಕ್ಕೆ ಐದು ಲೀಟರ್ ಗಾಳಿ ರಕ್ತವನ್ನು ಮುಟ್ಟಬೇಕೆಂದು ಇಟ್ಟುಕೊಂಡರೆ ಮೊದಲನೆಯವರು ಐವತ್ತು ಸಲ ಉಸಿರಾಡಿ ಹನ್ನೆರಡೂವರೆ ಲೀಟರ್ ಖರ್ಚು ಮಾಡುತ್ತಾರೆ. ಎರಡನೆಯವರಿಗೆ ಆರು ಉಸಿರು, ಆರು ಲೀಟರ್ ಸಾಕು. ನಾಲ್ಕೈದು ಎಣಿಸುವಷ್ಟು ಹೊತ್ತು ಎಳೆದುಕೊಳ್ಳಿ, ಬಿಸಿ ಕಾಫಿ ಊದುವಂತೆ ಏಳೆಂಟು ಎಣಿಸುವಷ್ಟು ಹೊತ್ತು ಬಿಡಿ, ಗಂಟಲು ಯಾವಾಗಲೂ ತೆರೆದೇ ಇರಲಿ. ಎಣಿಕೆಗೆ ಮೈ ಒಗ್ಗದಿದ್ದರೆ ಎಣಿಕೆಯನ್ನು ಬಿಡಿ, ಉಸಿರನ್ನಲ್ಲ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ, 54 ಕಿಲೋ ತೂಕವಿದ್ದೇನೆ. ಡೈವಿಂಗ್ ಕೇಂದ್ರದವರು ನನ್ನ ಸೊಂಟಕ್ಕೆ 8 ಕಿಲೋ ಸೀಸ ಕಟ್ಟಿದರು. ನೀರಿನೊಳಗೆ ಒಮ್ಮೆ ತಳಕ್ಕೆ ಕುಸಿಯುತ್ತಿದ್ದೆ, ತೇಲಲೆಂದು ತೊಡಿಸಿದ ಜಾಕೆಟ್ಟಿಗೆ ಗಾಳಿ ತುಂಬಿದರೆ ಬಲೂನಿನಂತೆ ಮೇಲೇಳುತ್ತಿದ್ದೆ. ಡೈವ್ ಪೂರ್ತಿ ಜಾಕೆಟ್ಟಿನ ಗುಂಡಿ ಒತ್ತುವುದೇ ಆಯಿತು. ಇದಕ್ಕೂ ಗಾಳಿ ಬೇಗ ಮುಗಿದದ್ದಕ್ಕೂ ಸಂಬಂಧವಿದೆಯೇ?
— ಚಿಂತಾಮಣಿ

ಉತ್ತರ: ನೇರ ಸಂಬಂಧವಿದೆ, ಮತ್ತು ತಪ್ಪು ನಿಮ್ಮದಲ್ಲ. ಹೊಸಬರು ಮುಳುಗದೆ ಒದ್ದಾಡಿದರೆ ದೋಣಿಯವರ ಹೊತ್ತು ಹಾಳಾಗುತ್ತದೆ, ಆದ್ದರಿಂದ ಎರಡು ಮೂರು ಕಿಲೋ ಹೆಚ್ಚಿಗೆ ಕಟ್ಟಿಬಿಡುವುದು ಅನೇಕ ಕಡೆ ರೂಢಿಯಾಗಿಬಿಟ್ಟಿದೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ, ರೂಢಿಯನ್ನು ಮಾತ್ರ ಒಪ್ಪಲಾರೆ.

ತೆಳು ವೆಟ್‌ಸೂಟ್ ತೊಟ್ಟ ನಿಮಗೆ 5 ಕಿಲೋ ಸಾಕಾಗಿತ್ತೆಂದು ಇಟ್ಟುಕೊಳ್ಳಿ. ಹೆಚ್ಚಾದ 3 ಕಿಲೋವನ್ನು ಎತ್ತಿ ಹಿಡಿಯಲು ಜಾಕೆಟ್ಟಿನಲ್ಲಿ ಸುಮಾರು 3 ಲೀಟರ್ ಗಾಳಿ ಸದಾ ಇರಬೇಕು. ಆ ಗಾಳಿ ಸುಮ್ಮನಿರುವಂಥದ್ದಲ್ಲ: 10 ಮೀಟರ್ ಆಳದಿಂದ ಮೇಲಕ್ಕೆ ಬರುವಷ್ಟರಲ್ಲಿ ಅದು 6 ಲೀಟರ್ ಆಗಿ ಉಬ್ಬುತ್ತದೆ. ಒಂದು ಮೀಟರ್ ಏರಿದರೆ ಉಬ್ಬಿ ಇನ್ನಷ್ಟು ಏರಿಸುತ್ತದೆ, ಒಂದು ಮೀಟರ್ ಇಳಿದರೆ ಕುಗ್ಗಿ ಇನ್ನಷ್ಟು ಇಳಿಸುತ್ತದೆ. ನೀವು ಅನುಭವಿಸಿದ ಏರಿಳಿತ ಇದೇ. ಗುಂಡಿ ಒತ್ತಿದಾಗಲೆಲ್ಲ ಖರ್ಚಾಗುವುದು ನೀವು ಉಸಿರಾಡಬೇಕಾದ ಅದೇ ಸಿಲಿಂಡರಿನ ಗಾಳಿ. ಅದಕ್ಕಿಂತ ದೊಡ್ಡ ನಷ್ಟ ಮೈಯ ಭಂಗಿಯದು. ಸೀಸ ಸೊಂಟದಲ್ಲಿ, ಗಾಳಿ ಎದೆ ಬೆನ್ನಿನಲ್ಲಿ. ಹೀಗಾಗಿ ತಲೆ ಮೇಲೆ, ಕಾಲು ಕೆಳಗಾಗಿ, ಮುಂದೆ ಸಾಗುವಾಗ ಇಡೀ ಮೈ ನೀರಿಗೆ ಅಡ್ಡ ನಿಲ್ಲುತ್ತದೆ. ಹಸಿ ಹೊಲದಲ್ಲಿ ಕುಂಟೆ ಎಳೆದಂತೆ ನಿಮ್ಮನ್ನು ನೀವೇ ಎಳೆದುಕೊಂಡು ಹೋಗಿದ್ದೀರಿ.

ಮುಂದಿನ ಸಲ ಇಳಿಯುವ ಮುನ್ನ ಐದು ನಿಮಿಷ ಬೇಕೆಂದು ಕೇಳಿಕೊಳ್ಳಿ. ಕೊಡದವರ ಜೊತೆ ಇಳಿಯಬೇಡಿ. ಎಲ್ಲ ಸಲಕರಣೆ ತೊಟ್ಟು, ರೆಗ್ಯುಲೇಟರನ್ನು ಬಾಯಲ್ಲಿಟ್ಟುಕೊಂಡು, ಆಳವಾದ ನೀರಿನ ಮೇಲ್ಮೈಯಲ್ಲಿ ಕಾಲಾಡಿಸದೆ ನೆಟ್ಟಗೆ ನಿಲ್ಲಿ. ಜಾಕೆಟ್ಟಿನ ಗಾಳಿಯನ್ನೆಲ್ಲ ಬಿಟ್ಟು, ಸಾಮಾನ್ಯವಾದ ಒಂದು ಉಸಿರನ್ನು ಕ್ಷಣಕಾಲ ಹಿಡಿದಾಗ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು, ಉಸಿರು ಬಿಟ್ಟಾಗ ತಲೆ ನಿಧಾನವಾಗಿ ಮುಳುಗಬೇಕು. ಮೇಲ್ಮೈಯಲ್ಲಿ ತೇಲುತ್ತಿರುವಾಗ ಮಾಡುವ ಈ ಪರೀಕ್ಷೆಯೊಂದರಲ್ಲಿ ಮಾತ್ರ ಉಸಿರು ಹಿಡಿಯಬಹುದು. ಕಲ್ಲಿನಂತೆ ಇಳಿದುಹೋದರೆ ಒಂದೊಂದೇ ಕಿಲೋ ತೆಗೆಸಿ. ತುಂಬಿದ ಸಿಲಿಂಡರಿನೊಂದಿಗೆ ಈ ಪರೀಕ್ಷೆ ಮಾಡಿದ್ದರೆ ಕೊನೆಗೆ 2 ಕಿಲೋ ಸೇರಿಸಿಕೊಳ್ಳಬೇಕು. ಕಾರಣ, ಗಾಳಿಗೂ ತೂಕವಿದೆ: 200 ಬಾರ್ ತುಂಬಿದ ಆ ಸಿಲಿಂಡರಿನ ಗಾಳಿಯೇ ಸುಮಾರು ಎರಡೂವರೆ ಕಿಲೋ ತೂಗುತ್ತದೆ, ಅದು ಖರ್ಚಾದಂತೆ ನೀವು ಹಗುರಾಗುತ್ತೀರಿ, ಮತ್ತು 5 ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲಬೇಕಾದ ಹೊತ್ತಿನಲ್ಲಿ ತೇಲಿಹೋಗುವ ಭಯವಿರುತ್ತದೆ. ಸಿಕ್ಕ ಅಂಕಿಯನ್ನು, ಯಾವ ಸೂಟ್, ಯಾವ ಸಿಲಿಂಡರ್ ಎಂಬುದರ ಸಮೇತ, ಪುಸ್ತಕದಲ್ಲಿ ಬರೆದಿಡಿ. ಸರಿಯಾದ ತೂಕ ಸಿಕ್ಕ ದಿನ ಏರಿಳಿತವನ್ನು ಗುಂಡಿಯಿಂದಲ್ಲದೆ ಉಸಿರಿನಿಂದಲೇ ನಡೆಸುವುದು ಸಾಧ್ಯವಾಗುತ್ತದೆ. ಸ್ವಲ್ಪ ಹೆಚ್ಚು ಎಳೆದುಕೊಂಡರೆ ಬಂಡೆಯ ಮೇಲಕ್ಕೆ, ಬಿಟ್ಟರೆ ಅದರ ಮಗ್ಗುಲಿಗೆ. ಇದನ್ನು ಓದಿ ನಂಬುವುದು ಕಷ್ಟ, ಒಮ್ಮೆ ಆದ ಮೇಲೆ ಮರೆಯುವುದು ಕಷ್ಟ.

ಪ್ರಶ್ನೆ: ನಮ್ಮೂರಿನ ಕೆರೆಗಳು ಈಗ ತುಂಬಿವೆ, ಕಲ್ಲು ಕ್ವಾರಿಗಳ ಹೊಂಡಗಳೂ ಇವೆ. ವರ್ಷಕ್ಕೊಮ್ಮೆ ನೇತ್ರಾಣಿಗೆ ಹೋಗುವ ನಾವು ಗೆಳೆಯರು ಸಿಲಿಂಡರ್ ತರಿಸಿ ಇಲ್ಲಿಯೇ ಅಭ್ಯಾಸ ಮಾಡಬಹುದೇ?
— ಕೋಲಾರ

ಉತ್ತರ: ಮಾಡಬೇಡಿ. ನಿಮ್ಮ ಕೆರೆಗಳಲ್ಲಿ ಅನೇಕವು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನಿಂದ ಬರುತ್ತಿರುವ ಸಂಸ್ಕರಿತ ತ್ಯಾಜ್ಯ ನೀರಿನಿಂದ ತುಂಬಿದವು. ಅಂತರ್ಜಲ ಹೆಚ್ಚಲೆಂದು ಹರಿಸುತ್ತಿರುವ ನೀರು ಅದು, ಬಾಯಿ ಮೂಗು ಅದ್ದುವುದಕ್ಕಲ್ಲ. ಕ್ವಾರಿ ಹೊಂಡದಲ್ಲಿ ತಳ ಕಾಣುವುದಿಲ್ಲ, ಹತ್ತಿ ಬರಲು ಇಳಿಜಾರು ಇರುವುದಿಲ್ಲ, ಕಬ್ಬಿಣದ ಹಗ್ಗವೋ ಮುಳ್ಳುತಂತಿಯೋ ಎಲ್ಲಿದೆಯೆಂದು ಹೇಳುವವರೂ ಇರುವುದಿಲ್ಲ. ಜೊತೆಗೆ ನಮ್ಮ ಬಯಲುಸೀಮೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. 300 ಮೀಟರ್ ದಾಟಿದ ಎತ್ತರದಲ್ಲಿ ಮುಳುಗುವುದಕ್ಕೆ ಲೆಕ್ಕಾಚಾರವೇ ಬೇರೆ, ಅದಕ್ಕೆ ಬೇರೆ ತರಬೇತಿ ಬೇಕು.

ಅಭ್ಯಾಸಕ್ಕೆ ಸಿಲಿಂಡರೇ ಬೇಕೆಂದಿಲ್ಲ. ಈಜುಕೊಳದಲ್ಲಿ ಮಾಸ್ಕ್, ಸ್ನಾರ್ಕೆಲ್ (ಉಸಿರಾಟದ ಕೊಳವೆ), ಫಿನ್ ತೊಟ್ಟು, ಮುಖ ನೀರಿನಲ್ಲಿಟ್ಟು, ಇಪ್ಪತ್ತು ನಿಮಿಷ ಕೈಯಾಡಿಸದೆ ತೇಲುತ್ತ ನಿಧಾನವಾಗಿ ಉಸಿರಾಡಿ. ಮಾಸ್ಕಿಗೆ ನೀರು ನುಗ್ಗಿದರೆ ಗಾಬರಿಯಾಗದಿರುವುದನ್ನು ಅಲ್ಲಿಯೇ ಕಲಿಯಿರಿ, ಏಕೆಂದರೆ ಸಮುದ್ರದಲ್ಲಿ ಹೊಸಬರ ಉಸಿರು ಕೆಡುವುದು ಹೆಚ್ಚಾಗಿ ಮಾಸ್ಕಿನೊಳಗೆ ಸೇರಿದ ಎರಡು ಚಮಚ ನೀರಿನಿಂದ. ಬೆಳಗಿನ ನಡಿಗೆ, ಬೆಟ್ಟ ಹತ್ತುವುದು ಒಳ್ಳೆಯದೇ. ಆದರೆ ನಂದಿಬೆಟ್ಟವನ್ನು ಓಡುತ್ತ ಹತ್ತುವ ಯುವಕರು ನೀರಿನಲ್ಲಿ ಒದ್ದಾಡಿ ಸಿಲಿಂಡರ್ ಬರಿದು ಮಾಡಿಕೊಳ್ಳುವುದನ್ನೂ, ಅರವತ್ತು ದಾಟಿದವರು ಬಂಡೆಯ ಮುಂದೆ ಹತ್ತು ನಿಮಿಷ ಅಲುಗಾಡದೆ ನಿಂತು ಮೀನು ನೋಡುವುದನ್ನೂ ನಾನು ಒಂದೇ ದಿನ ಕಂಡಿದ್ದೇನೆ.

ಪ್ರಶ್ನೆ: ಇಷ್ಟೆಲ್ಲ ಪಾಡು ಏಕೆ, ದೊಡ್ಡ ಸಿಲಿಂಡರ್ ಕೇಳಿ ಪಡೆದರೆ ಆಗದೇ?
— ಬಟವಾಡಿ, ತುಮಕೂರು

ಉತ್ತರ: ಆಗುತ್ತದೆ, ಆದರೆ ನೀವು ಎಣಿಸಿದಷ್ಟು ಅಲ್ಲ. ಮೇಲಿನ ತಿಪಟೂರಿನವರನ್ನೇ ತೆಗೆದುಕೊಳ್ಳಿ. ಅವರು ಅದೇ ರೀತಿ ಉಸಿರಾಡುತ್ತ 15 ಲೀಟರಿನ ಸಿಲಿಂಡರ್ ಹೊತ್ತರೆ 26 ನಿಮಿಷದ ಬದಲು 35 ನಿಮಿಷ ಇರಬಹುದು. ಹಳೆಯ ಸಿಲಿಂಡರಿನಲ್ಲಿಯೇ ತಮ್ಮ ಖರ್ಚನ್ನು 29 ಲೀಟರ್‌ನಿಂದ 20ಕ್ಕೆ ಇಳಿಸಿಕೊಂಡರೆ 37 ನಿಮಿಷಕ್ಕಿಂತ ಹೆಚ್ಚು ಸಿಗುತ್ತದೆ. ಹನಿ ನೀರಾವರಿಯ ಪೈಪು ಸೋರುತ್ತಿರುವಾಗ ಇನ್ನೊಂದು ಕೊಳವೆಬಾವಿ ಕೊರೆಸುವವರನ್ನು ನಾವು ಬುದ್ಧಿವಂತರೆನ್ನುವುದಿಲ್ಲವಷ್ಟೆ. ಗಾಳಿ ಹೆಚ್ಚಿ ಕೆಳಗೆ ಹೆಚ್ಚು ಹೊತ್ತು ಇದ್ದಷ್ಟೂ ರಕ್ತದಲ್ಲಿ ಕರಗುವ ಸಾರಜನಕದ ಮಿತಿಯೂ ಹತ್ತಿರ ಬರುತ್ತದೆ: 18 ಮೀಟರ್ ಆಳದಲ್ಲಿ ಆ ಮಿತಿ ಸುಮಾರು 55 ನಿಮಿಷ. ಆದ್ದರಿಂದ ಕಂಪ್ಯೂಟರಿನ ಮೇಲೂ ಒಂದು ಕಣ್ಣಿಟ್ಟಿರಬೇಕಾಗುತ್ತದೆ.

ಉದ್ದಗಲ ಚೆನ್ನಾಗಿರುವವರು, ಮೊದಲೇ ಹೇಳಿದಂತೆ ಮೈಕಟ್ಟಿನ ಕಾರಣದಿಂದಲೇ ಹೆಚ್ಚು ಗಾಳಿ ಬೇಕಾದವರು, ದೊಡ್ಡ ಸಿಲಿಂಡರ್ ಕೇಳಲು ಸಂಕೋಚಪಡಬೇಕಿಲ್ಲ. ಅದರಿಂದ ಇಡೀ ಗುಂಪು ಒಟ್ಟಿಗೆ ಇರಬಹುದು. ಎಲ್ಲ ಕೇಂದ್ರಗಳಲ್ಲಿಯೂ ಅದು ಸಿಗದಿರುವುದರಿಂದ ತುಮಕೂರು ಬಿಡುವ ಮುನ್ನವೇ ಫೋನ್ ಮಾಡಿ ವಿಚಾರಿಸಿ. ಉಕ್ಕಿನದು ಸಿಕ್ಕರೆ ಅದು ಅಲ್ಯೂಮಿನಿಯಂ ಸಿಲಿಂಡರಿನಂತೆ ಬರಿದಾದಾಗ ಅಷ್ಟು ತೇಲುವುದಿಲ್ಲ. ಹಳೆಯ ಲೆಕ್ಕದ ಸೀಸವನ್ನೇ ಕಟ್ಟಿಸಿಕೊಳ್ಳದೆ, ಚಿಂತಾಮಣಿಯವರಿಗೆ ಹೇಳಿದ ಪರೀಕ್ಷೆಯನ್ನು ಮತ್ತೆ ಮೊದಲಿನಿಂದ ಮಾಡಿಕೊಳ್ಳಿ.